ಎರಡು ಕೊಡ ಕೊಸರು

ತಕ್ಕಡಿಯ ಮುಳ್ಳು ನಿಂತು, ತೂಕ ಮುಗಿದು, ಬದನೆ ಬೆಂಡೆಗಳೆಲ್ಲ ಚೀಲಕ್ಕೆ ಇಳಿದಾದ ಮೇಲೂ ಕೊಳ್ಳುವವನ ಎಡಗೈ ಚೀಲದ ಬಾಯನ್ನು ಗೇಣಗಲ ತೆರೆದೇ ಹಿಡಿದಿರುತ್ತದೆಯಲ್ಲ, ಅದನ್ನು ನೀವು ಗಮನಿಸಿರಬೇಕು. ಅವನು ಬಾಯಿಬಿಟ್ಟು ಏನನ್ನೂ ಕೇಳುವುದಿಲ್ಲ. ದೃಷ್ಟಿಯನ್ನು ಪಕ್ಕದ ಅಂಗಡಿಯ ಕುಂಬಳಕಾಯಿಯ ಮೇಲೆ ನೆಟ್ಟು ವೇದಾಂತಿಯಂತೆ ನಿರ್ಲಿಪ್ತನಾಗಿ ನಿಂತಿರುತ್ತಾನೆ. ಆದರೆ ಆ ತೆರೆದ ಚೀಲದ ಭಾಷೆ ಮಾರುವವಳಿಗೆ ಅರ್ಥವಾಗುತ್ತದೆ. ಒಂದು ಹಿಡಿ ಕೊತ್ತಂಬರಿಯನ್ನೋ ಎರಡು ಹಸಿಮೆಣಸಿನಕಾಯಿಯನ್ನೋ ಒಳಗೆ ಎಸೆಯುತ್ತಾಳೆ. ಚೀಲದ ಬಾಯಿ ಮುಚ್ಚುತ್ತದೆ, ವ್ಯವಹಾರ ಸಂಪನ್ನವಾಗುತ್ತದೆ. ಕೊಸರು ಎಂಬ ಈ ಕಿಂಚಿತ್ ಪದಾರ್ಥವಿಲ್ಲದ ಖರೀದಿ ಮಂಗಳಾರತಿಯಿಲ್ಲದ ಪೂಜೆಯ ಹಾಗೆ. ದೇವರು ಒಪ್ಪಿಕೊಂಡಾನು, ಭಕ್ತನಿಗೆ ಸಮಾಧಾನವಿಲ್ಲ.

ಕೊಸರಿನ ವಿಚಾರದಲ್ಲಿ ಮಾತನಾಡುವ ಅಧಿಕಾರ ನನಗಿದೆ. ದಾವಣಗೆರೆಯಲ್ಲಿ ಹಳೆಯ ಗೋಣಿಚೀಲಗಳ ವ್ಯಾಪಾರ ನನ್ನದು. ಬೆನ್ನ ಮೇಲೆ ಚೀಲ ಹೊರುವುದರಿಂದ ಆರಂಭಿಸಿ ಚೀಲ ಮಾರುವುದಕ್ಕೆ ಬಂದವನು, ನಡುವಿನ ಮೆಟ್ಟಿಲುಗಳನ್ನೆಲ್ಲ ಚೌಕಾಸಿಯಿಂದಲೇ ಕಟ್ಟಿಕೊಂಡವನು. ಖಾಲಿ ಚೀಲವೊಂದನ್ನು ಮೂಗಿಗೆ ಹಿಡಿದರೆ ಸಾಕು, ಅದರ ಪೂರ್ವಜನ್ಮವನ್ನು ಹೇಳಬಲ್ಲೆ: ಇದರಲ್ಲಿ ಶೇಂಗಾ ಇತ್ತು, ಇದರಲ್ಲಿ ಹತ್ತಿಬೀಜ, ಇದರಲ್ಲಿದ್ದ ಬೆಲ್ಲ ಮಳೆಗೆ ಸಿಕ್ಕಿ ಮಾಲೀಕ ಅತ್ತಿದ್ದಾನೆ. ಇಂಥ ಮೂಗುಳ್ಳ ಮನುಷ್ಯನಿಗೆ, ದಿನವಿಡೀ ಚೌಕಾಸಿಗೆ ದುಡಿಸಿಕೊಳ್ಳುವ ತನ್ನ ನಾಲಿಗೆಗೆ ರುಚಿ ನೋಡುವ ಕೆಲಸವೂ ಇದೆ ಎಂಬುದು ಒಂದು ಬೇಸಿಗೆ ಪೂರ್ತಿ ಮರೆತುಹೋಗಿತ್ತು. ಆ ಮರೆವಿನ ಕತೆಯನ್ನೇ ಹೇಳಲು ಹೊರಟಿದ್ದೇನೆ. ನಡುನಡುವೆ ತೋಟಗಾರಿಕೆಯ ಬುದ್ಧಿಮಾತುಗಳು ಬರುತ್ತವೆ. ಅವನ್ನು ಕೊಸರೆಂದು ತಿಳಿದು ಚೀಲ ತೆರೆದಿಟ್ಟುಕೊಳ್ಳಿ.

ಊರ ಪಕ್ಕದ ಆನೆಕೊಂಡದ ಅಂಚಿನಲ್ಲಿ ಮನೆ ಕಟ್ಟಿಸಿದಾಗ ಹಿತ್ತಲಿಗೆಂದು ಎತ್ತಿನಗಾಡಿ ಒಂದು ಸುತ್ತು ತಿರುಗುವಷ್ಟು ಜಾಗ ಉಳಿಸಿಕೊಂಡಿದ್ದೆ. ಈ ಕತೆ ನಡೆದದ್ದು ಅದಾಗಿ ಹದಿನೈದು ವರ್ಷದ ಮೇಲೆ, ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ. ಹಿಂದಿನ ವರ್ಷ ಮಳೆ ಮುಖ ತಿರುಗಿಸಿತ್ತು. ಬೀದಿಯ ನಳದಲ್ಲಿ ಮೂರು ದಿನಕ್ಕೊಮ್ಮೆ ನೀರು. ಬಂದಾಗಲೂ ಕ್ಷಯರೋಗಿಯಂತೆ ಕೆಮ್ಮುತ್ತಲೇ ಬರುತ್ತಿತ್ತು. ಎರೆಮಣ್ಣು ಬಿರಿದು, ಆ ಬಿರುಕಿನಲ್ಲಿ ನಮ್ಮ ಮನೆಯಾಕೆಯ ಸೌಟೊಂದು ಬಿದ್ದು, ಮುಂಗಾರಿನವರೆಗೂ ಸಿಗಲಿಲ್ಲ. ಇಂಥ ಬಿಸಿಲಿನಲ್ಲೂ ನಮ್ಮ ಹಿತ್ತಲು ಹಸುರಾಗಿತ್ತೆಂದರೆ ಅದಕ್ಕೆ ಕಾರಣ ನನ್ನ ಸಿದ್ಧಾಂತ. ಬಿಸಿಲೂ ಒಬ್ಬ ವ್ಯಾಪಾರಿಯೇ. ಮೊದಲು ಎಲ್ಲವನ್ನೂ ಕೇಳುತ್ತದೆ. ಹೆದರಿ ಎಲ್ಲವನ್ನೂ ಒಪ್ಪಿಸಿಬಿಡಬಾರದು. ಕೋಸು, ಹುರುಳಿಕಾಯಿಗಳಂಥ ಸುಕುಮಾರಿಯರನ್ನು ಮೊದಲೇ ಬಿಟ್ಟುಕೊಟ್ಟು, ಗೋರಿಕಾಯಿ, ಬದನೆ, ಬಸಳೆ, ಸೋರೆ ಈ ನಾಲ್ಕನ್ನು ಮಾತ್ರ ಗಟ್ಟಿಯಾಗಿ ಹಿಡಿದು ಕೂರಬೇಕು. ನೆರಳು ಮಾಡುವುದಿದ್ದರೆ ಪಡುವಣ ದಿಕ್ಕಿಗೆ ಮಾಡಬೇಕು. ಬೆಳಗಿನ ಬಿಸಿಲು ನೆಂಟ, ಮಧ್ಯಾಹ್ನ ಮೂರರ ಬಿಸಿಲು ವೈರಿ. ಹೊಲಿಗೆ ಬಿಚ್ಚಿದ ಗೋಣಿಚೀಲವನ್ನು ಬಿದಿರಿಗೆ ಕಟ್ಟಿ ನಿಲ್ಲಿಸಿದರೆ ಅದಕ್ಕಿಂತ ತಂಪಾದ ಗೋಡೆ ಇನ್ನೊಂದಿಲ್ಲ, ಮತ್ತು ಆ ಚೀಲ ಬೇಕಾದರೆ ನನ್ನ ಅಂಗಡಿ ಎಲ್ಲಿದೆಯೆಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಬುಡಕ್ಕೆ ನಾಲ್ಕು ಬೆರಳು ದಪ್ಪ ಭತ್ತದ ಹೊಟ್ಟು ಹರಡಬೇಕು. ನೀರನ್ನು ಸೂರ್ಯ ಏಳುವ ಮುಂಚೆ ಕೊಡಬೇಕು.

ಹೊಟ್ಟು ಬರುತ್ತಿದ್ದುದು ಗೋಡೆಯಾಚೆಯಿಂದ. ನಮ್ಮ ಹಿತ್ತಲಿಗೂ ಗೌಸ್ ಸಾಬರ ಮಂಡಕ್ಕಿ ಭಟ್ಟಿಗೂ ನಡುವೆ ಎದೆಯೆತ್ತರದ ಒಂದೇ ಗೋಡೆ. ಸಾಬರು ಮಂಡಕ್ಕಿ ತುಂಬಲು ನನ್ನ ಚೀಲ ಒಯ್ಯುತ್ತಿದ್ದರು, ನಾನು ಅವರ ಹೊಟ್ಟು ತರುತ್ತಿದ್ದೆ. ಮೃದು ಮನುಷ್ಯ, ಯಾರಿಗೂ ಇಲ್ಲವೆನ್ನಲು ಬಾರದು. ನನ್ನಂಥವನ ಪಕ್ಕದಲ್ಲಿ ಇಂಥವರನ್ನು ಇಟ್ಟ ದೇವರು ಕೊಂಚ ಪಕ್ಷಪಾತಿಯೇ ಸರಿ. ಅವರ ಮಗಳು ಶಮೀಮ್ ಚಿಕ್ಕಂದಿನಿಂದ ಆ ಗೋಡೆ ಹತ್ತಿ ಕೂತು ನಮ್ಮ ಗೋರಿಕಾಯಿಯನ್ನು ಹಸಿಯಾಗಿಯೇ ಅಗಿದು ಬೆಳೆದವಳು. ಅವಳಿಗೆ ಹರಿಹರದ ಕಡೆ ಸಂಬಂಧ ಕೂಡಿಬಂದು, ಶಿವರಾತ್ರಿ ಕಳೆದ ವಾರ ಬೀಗರು ಮಾತುಕತೆಗೆ ಬಂದರು. ಸಾಬರು ನನ್ನನ್ನೂ ಕರೆದು ಕೂರಿಸಿಕೊಂಡಿದ್ದರು. ಮದುವೆ ಮೇ ತಿಂಗಳ ಕೊನೆಗೆಂದು ಗೊತ್ತಾಯಿತು. ಊಟದ ಮಾತು ಬಂದು, ಕುಷ್ಕ ಅನ್ನದ ಜೊತೆಗೆ ಬೇಳೆ-ಮಾಂಸದ ದಾಲ್ಚಾ ಆಗಬೇಕು, ದಾಲ್ಚಾಕ್ಕೆ ಸೋರೆಕಾಯಿ ಬೇಕು ಎಂದಾಗ ಹುಡುಗನ ಸೋದರಮಾವ ಗಡ್ಡ ನೀವಿಕೊಂಡರು. ಹೊಳೆಯ ದಂಡೆಯಲ್ಲಿ ತೋಟವಿದ್ದವರು. ಬೆನ್ನಿಗೆ ತುಂಗಭದ್ರೆ ಇದ್ದವರ ದನಿಯೇ ಬೇರೆ.

"ಸೋರೆಕಾಯಿ ನಾವೇ ಹರಿಹರದಿಂದ ತರ್ತೀವಿ ಬಿಡ್ರಿ ಗೌಸ್‌ಭಾಯ್. ನಿಮ್ಮೂರಾಗೆ ಬ್ಯಾಸಿಗ್ಯಾಗೆ ಮಕ ತೊಳ್ಯಾಕೆ ನೀರಿರಲ್ಲ, ಬಳ್ಳಿಗೆಲ್ಲಿಂದ ತರ್ತೀರಿ?"

ಎಲ್ಲರೂ ನಕ್ಕರು. ಗೌಸ್ ಸಾಬರೂ ನಕ್ಕರು, ಆದರೆ ಹೆಣ್ಣಿನ ತಂದೆಯ ನಗೆ ಅದು, ತಲೆ ತಗ್ಗಿಸಿಕೊಂಡೇ ನಗುವಂಥದು. ಮಗಳ ಮದುವೆಯ ಅಡುಗೆಗೆ ಬೀಗರ ಕಡೆಯಿಂದ ಕಾಯಿಪಲ್ಯ ಬಂತೆಂಬ ಮಾತು ಮುಂದೆ ಎಷ್ಟು ವರ್ಷ ಆ ಹುಡುಗಿಯ ಕಿವಿಗೆ ಬೀಳುತ್ತದೆಂದು ಅವರಿಗೂ ಗೊತ್ತು, ನನಗೂ ಗೊತ್ತು. ನನ್ನ ಸೋರೆ ಬಳ್ಳಿಗಳು ಆಗ ತಾನೆ ಚಪ್ಪರ ಹತ್ತಿದ್ದವು. ಬಾಯಿ ಸುಮ್ಮನಿರಲಿಲ್ಲ.

"ಒಂದ್ ಕಾಯಿನೂ ತರಬ್ಯಾಡ್ರಿ. ನಮ್ಮ ಶಮೀಮನ ಮದ್ವೆಗೆ ಸೋರೆಕಾಯಿ ನಮ್ಮ ಹಿತ್ಲಾಗಿಂದ ಬರ್ತಾವೆ. ನಲವತ್ತು! ಬಂದು ಎಣಿಸ್ಕೊಳ್ರಿ."

ಗೌಸ್ ಸಾಬರ ತಲೆ ಮೇಲೆ ಬಂತು. ಆ ತಲೆಯನ್ನು ನೋಡಿದ ಮೇಲೆ ನಲವತ್ತನ್ನು ಮೂವತ್ತಕ್ಕೆ ಇಳಿಸುವುದು ನನ್ನಿಂದಾಗಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದರೆ ನೀರು ಸಾಲದು. ಮರುದಿನ ಬೆಳಿಗ್ಗೆ ಗೋಡೆಯ ಬಳಿ ಸಾಬರೊಡನೆ ವ್ಯವಹಾರ ಕುದುರಿಸಿದೆ. ಮಂಡಕ್ಕಿ ಮಾಡುವುದನ್ನು ನೋಡದವರಿಗಾಗಿ ಒಂದು ಮಾತು: ಮೊದಲು ಭತ್ತವನ್ನು ತೊಟ್ಟಿಯಲ್ಲಿ ನೆನೆಹಾಕುತ್ತಾರೆ, ಆ ನೀರನ್ನು ಆಮೇಲೆ ಚೆಲ್ಲಿಬಿಡುತ್ತಾರೆ. ಮೂಗಿಗೆ ಅಷ್ಟೇನೂ ಹಿತವಲ್ಲ, ಗಿಡಕ್ಕೆ ಮಾತ್ರ ಬಾಧಕವಿಲ್ಲ. ದಿನಕ್ಕೆ ನಾಲ್ಕು ಕೊಡ ಆ ನೀರನ್ನು ಗೋಡೆಯ ಮೇಲಿಂದ ದಾಟಿಸಲು ಸಾಬರು ಸಂತೋಷವಾಗಿ ಒಪ್ಪಿದರು. ಅಲ್ಲಿಗೆ ಮುಗಿಸಬೇಕಿತ್ತು. ಆದರೆ ವ್ಯವಹಾರ ಮುಗಿದ ಮೇಲೆ ಚೀಲ ತೆರೆದು ಹಿಡಿಯುವ ಚಾಳಿಯಿದೆಯಲ್ಲ!

"ನಾಲ್ಕ್ ಕೊಡ ಆತು. ಕೊಸರು?" ಎಂದೆ.

"ನೆನೆಹಾಕಿದ್ ನೀರು ಇರಾದೇ ಅಷ್ಟು ಸಾವ್ಕಾರ್ರೆ."

"ಎಲ್ಲಿಂದನಾ ಎರಡ್ ಕೊಡ ಕೂಡಿಸ್ರಿ ಸಾಬ್ರೆ. ಕೊಸರಿಲ್ದಂಗೆ ನಾನು ಗೋಡೆ ಬಿಟ್ಟು ಹೋಗಾವಲ್ಲ. ಮದ್ವೆ ನಿಮ್ದಾ ನಮ್ದಾ?"

ಕೊನೆಯ ಆ ಮಾತಿಗೆ ಸಾಬರು ಕರಗಿಹೋದರು. ಭಟ್ಟಿಯಲ್ಲಿ ಸಂಜೆ ಪಾತ್ರೆ, ಗಂಗಾಳಗಳನ್ನು ತೊಳೆದ ನೀರು ಎರಡು ಕೊಡ ಆಗುತ್ತದೆ, ಅದನ್ನೂ ಕೊಡುತ್ತೇನೆಂದರು. ನಾನು ಗೆದ್ದವನ ಗತ್ತಿನಲ್ಲಿ ಒಳಗೆ ಹೋಗಿ ಮನೆಯಾಕೆಗೆ ಹೇಳಿದೆ: ನಾಲ್ಕು ಕೇಳಿ ಆರು ತಂದಿದ್ದೇನೆ.

ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೆಯ ವಾರ ಸೋರೆ ಎಲೆಗಳ ಅಂಚು ಕಂದಿತು, ದೋಸೆಯ ಅಂಚು ಸೀದಂತೆ. ಬಿಸಿಲು ಜೋರಾಗಿದೆಯೆಂದು ಇನ್ನೊಂದು ಸುತ್ತು ಚೀಲ ಕಟ್ಟಿಸಿದೆ. ಅಂಚಿನ ಕಂದು ಒಳಗೆ ಬಂತು. ನೀರು ಸಾಲುತ್ತಿಲ್ಲವೆಂದು ಆರೂ ಕೊಡಗಳನ್ನು ಸೋರೆಯ ನಾಲ್ಕು ಗುಂಡಿಗಳಿಗೇ ಸುರಿದೆ. ತುದಿಗಳು ಬಾಡಿ ಜೋತವು. "ಏನ್ರೀ, ನೀರು ಹಾಕಿದಂಗೆಲ್ಲ ಒಣಗ್ತಾವಲ್ಲ ಇವು!" ಎಂದು ಮನೆಯಾಕೆ ಅಂದಾಗ, ಈ ಶಾಸ್ತ್ರ ಹೆಂಗಸರಿಗೆ ತಿಳಿಯುವಂಥದ್ದಲ್ಲವೆಂಬ ಮುಖ ಮಾಡಿದೆ. ಪ್ರಿಯ ಓದುಗರೇ, ಜಗತ್ತಿನಲ್ಲಿ ಯಾವುದೇ ವಿಷಯ ಹೆಂಗಸರಿಗೆ ತಿಳಿಯದು ಎಂಬ ಮುಖ ಮಾಡುವ ಮುಂಚೆ ಕನ್ನಡಿ ನೋಡಿಕೊಳ್ಳಿ. ಇದು ಕೊಸರಲ್ಲ, ಅಸಲು ಸರಕು.

ಗೌಸ್ ಸಾಬರು ದಿನವೂ ಕೊಡ ದಾಟಿಸುವಾಗ ಚಪ್ಪರದ ಕಡೆ ನೋಡದಂತೆ ನೋಡುತ್ತಿದ್ದರು. ಚಪ್ಪರದ ಸುತ್ತ ನಾನು ಕಟ್ಟಿದ್ದ ಚೀಲಗಳಿಂದಾಗಿ ಅವರಿಗೆ ಬಳ್ಳಿ ಕಾಣುತ್ತಿರಲಿಲ್ಲ. "ಹೆಂಗದಾವ್ರೀ?" ಎನ್ನುವರು. "ಭರ್ಜರಿ," ಎನ್ನುವೆ. ನನ್ನ ಜೀವಮಾನದಲ್ಲಿ ಹರಕು ಚೀಲವನ್ನು ಹೊಸದೆಂದು ಹೇಳಿ ಮಾರಿದವನಲ್ಲ ನಾನು. ಆ ಹದಿನೈದು ದಿನ ಬೆಳಿಗ್ಗೆಗೊಂದು ಹರಕು ಚೀಲ ಮಾರಿದೆ.

ಯುಗಾದಿಯ ಹೊತ್ತಿಗೆ ಹಾಲವ್ವ ಬಂದಳು. ಕೊಕ್ಕನೂರಿನವಳು, ಬೆಳಗಿನ ಬಸ್ಸಿಗೆ ಬುಟ್ಟಿ ಏರಿಸಿಕೊಂಡು ಬಂದು ದಾವಣಗೆರೆಯ ಬೀದಿಗಳಲ್ಲಿ ತರಕಾರಿ ಮಾರಿ ಹೋಗುವ ಮುದುಕಿ. ನಮ್ಮ ಜಗಲಿಯ ಮೇಲೆ ಕೂತು ನೀರು ಕುಡಿಯುವುದು ಅವಳ ವಾಡಿಕೆ, ನನ್ನ ಹಿತ್ತಲನ್ನು ಹೀಯಾಳಿಸುವುದು ಅವಳ ವಿನೋದ. ಬುಟ್ಟಿಯವಳಿಗೆ ತೋಟ ಮಾಡುವ ಗಿರಾಕಿ ಎಂದರೆ ಅರ್ಧ ದಾಯಾದಿ. ಅಂದು ಮನೆಯಾಕೆಯೇ ಅವಳ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು. ಹಾಲವ್ವ ಚೀಲ ಸರಿಸಿ ಬಳ್ಳಿ ನೋಡಿದಳು, ನನ್ನನ್ನು ನೋಡಿದಳು, ಬಗ್ಗಿ ಹೊಟ್ಟು ಕೆದರಿ ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗಿಟ್ಟು ತಕ್ಷಣ ಉಗಿದಳು.

"ಯಪ್ಪಾ, ಇದೇನ್ ಹಿತ್ಲೋ ಉಪ್ಪಿನಕಾಯಿ ಜಾಡಿಯೋ?"

ನಾನೂ ಒಂದು ಚಿಟಿಕೆ ಬಾಯಿಗಿಟ್ಟೆ. ಉಪ್ಪು! ಅಪ್ಪಟ ಉಪ್ಪು. ಗೋಡೆಯಾಚೆ ಭಟ್ಟಿಯಲ್ಲಿ ಮರಳು ಹುರಿಯುವ ಸದ್ದು ಕೇಳುತ್ತಿತ್ತು, ಮಂಡಕ್ಕಿ ಚಟಚಟ ಅರಳುತ್ತಿತ್ತು. ಹುರಿಯುವ ಮುಂಚೆ ಅಕ್ಕಿಗೆ ಉಪ್ಪುನೀರು ಸವರುತ್ತಾರೆಂಬುದು ಈ ಊರಿನಲ್ಲಿ ಹಲ್ಲು ಬಂದ ಮಗುವಿಗೂ ಗೊತ್ತು. ಮಂಡಕ್ಕಿ ಬಾಯಿಗೆ ಹಾಕಿಕೊಂಡಾಗ ಮೊದಲು ಸಿಗುವುದೇ ಆ ರುಚಿ. ಸಂಜೆ ತೊಳೆಯುವ ಪಾತ್ರೆಗಳು ಯಾವುವು ಮತ್ತೆ? ಉಪ್ಪು ಕಲಸಿದ ಪಾತ್ರೆಗಳು. ನಲವತ್ತು ವರ್ಷ ಮಂಡಕ್ಕಿ ತಿಂದವನು ನಾನು, ಇಪ್ಪತ್ತು ವರ್ಷ ಮಂಡಕ್ಕಿ ಮಾಡಿದವರು ಸಾಬರು. ನಮ್ಮಿಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಏಕೆಂದರೆ ನನ್ನ ಗಮನವೆಲ್ಲ ಎರಡು ಕೊಡ ಗಿಟ್ಟಿಸುವುದರಲ್ಲಿತ್ತು, ಅವರದು ಇಲ್ಲವೆನ್ನದಿರುವುದರಲ್ಲಿ.

ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಗೋಡೆಯ ಬಳಿ ಹೋಗಿ ಸಾಬರನ್ನು ಕರೆದು ಕಟ್ಟಿದ್ದ ಚೀಲ ಬಿಚ್ಚಿ ತೋರಿಸಿದೆ. ಅವರ ಮುಖ ಬಳ್ಳಿಗಿಂತ ಬಾಡಿತು.

"ತೋಬಾ ತೋಬಾ! ನಾನೇ ಕೊಟ್ನಲ್ರೀ ಸಾವ್ಕಾರ್ರೆ, ನನ್ ಕೈಯಾರೆ!"

"ನೀವೆಲ್ಲಿ ಕೊಟ್ರಿ? ನಾನು ಕಿತ್ಕೊಂಡೆ."

ಸಾಬರು, "ಹೋಗ್ಲಿ ಬಿಡ್ರಿ, ಹರಿಹರಕ್ಕೆ ಹೇಳಿ ಕಳಿಸ್ತೀನಿ, ತರ್ತಾರೆ" ಎಂದರು. ಆ ದನಿಯಲ್ಲಿ ನನ್ನ ಮೇಲೆ ಇಷ್ಟೂ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಆ ದಿನ ಊಟ ಸೇರುತ್ತಿತ್ತು.

"ಹೇಳಿ ಕಳಿಸಬ್ಯಾಡ್ರಿ. ಇನ್ನೂ ಎರಡ್ ತಿಂಗಳು ಐತೆ," ಎಂದೆ. ಹಾಲವ್ವ ಹಿಂದಿನಿಂದ, "ಎರಡ್ ತಿಂಗಳಿಗೆ ಒಂದೆಂಟ್ ದಿನ ಕಮ್ಮಿ ಐತೆ. ಬಾಯಿ ಮುಚ್ಚಿ ಗುದ್ಲಿ ಹಿಡೀರಿ," ಎಂದಳು.

ಮುಂದಿನದರಲ್ಲಿ ನನ್ನ ಬುದ್ಧಿ ಕಡಿಮೆ, ಅವಳದೇ ಹೆಚ್ಚು. ಆದರೂ ಹೇಳುವ ಹಕ್ಕು ಬೆವರು ಸುರಿಸಿದವನದು. ಉಪ್ಪು ಕುಡಿದ ನೆಲವನ್ನು ತೊಳೆಯಲು ಹೊಳೆಯಷ್ಟು ನೀರು ಬೇಕು, ಅದು ನಮ್ಮಲ್ಲಿರಲಿಲ್ಲ. ಹಾಗಾಗಿ ನಾಲ್ಕೂ ಗುಂಡಿಗಳನ್ನು ಮೊಣಕಾಲುದ್ದ ಅಗೆದು ಮಣ್ಣು ಹೊರಗೆ ಹಾಕಿದೆ. ಬಾತಿ ಕೆರೆ ಒಣಗಿ ತಳ ಕಂಡಿತ್ತು. ಹಳೆಯ ಚೀಲಗಳನ್ನು ಕೊಟ್ಟು ಒಂದು ಗಾಡಿ ಕೆರೆಗೋಡು, ಅಂದರೆ ತಳದ ಹೂಳುಮಣ್ಣು, ತರಿಸಿ ತುಂಬಿದೆ. ಬರಗಾಲ ಕೆರೆಯ ನೀರನ್ನು ಕಸಿದುಕೊಂಡರೂ ಅದರ ತಳದ ಸಾರವನ್ನು ಬಯಲು ಮಾಡುತ್ತದೆ, ಅದನ್ನು ಮರೆಯಬೇಡಿ. ಪ್ರತಿ ಗುಂಡಿಯ ನಡುವೆ ಬಣ್ಣ ಬಳಿಯದ ಒಂದು ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ, ಅದಕ್ಕೆ ನೀರು ತುಂಬಿ, ಬಾಯಿಗೊಂದು ಹೆಂಚು ಮುಚ್ಚಿದೆವು. ಗಡಿಗೆ ಸಣ್ಣಗೆ ಬೆವರುತ್ತದೆ, ಬೇರು ಆ ಬೆವರನ್ನು ಹುಡುಕಿಕೊಂಡು ಬರುತ್ತದೆ, ಸೂರ್ಯನಿಗೆ ಸುದ್ದಿಯೇ ತಿಳಿಯುವುದಿಲ್ಲ. ಆರು ಕೊಡ ಸುರಿದು ಕೊಂದ ಬಳ್ಳಿಯನ್ನು ಒಂದೂವರೆ ಕೊಡದಲ್ಲಿ ಬದುಕಿಸಬಹುದಿತ್ತೆಂದು ತಿಳಿದಾಗ ನನ್ನ ವ್ಯಾಪಾರಿ ಹೃದಯಕ್ಕೆ ಆದ ನೋವನ್ನು ನೀವು ಊಹಿಸಿಕೊಳ್ಳಬೇಕು.

ಬೀಜ ಹಾಲವ್ವನ ಎಲೆಅಡಿಕೆ ಸಂಚಿಯಿಂದ ಬಂತು. ಎಣಿಸಿ ಎಂಟು ಬೀಜ ಕೊಟ್ಟಳು. ನನ್ನ ಅಂಗೈ ಮುಚ್ಚದೆ ಹಾಗೇ ಇದ್ದುದನ್ನು ಕಂಡು, "ಬೀಜಕ್ಕೆ ಕೊಸರು ಕೇಳಬಾರ್ದು. ಕೇಳಿದ್ರೆ ಹುಟ್ಟಲ್ಲ," ಎಂದು ಗದರಿದಳು. ಮುಚ್ಚಿದೆ.

ನೀರಿನ ಯಜಮಾನಿಕೆಯನ್ನು ಮನೆಯಾಕೆ ವಹಿಸಿಕೊಂಡಳು. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮುಖ ತೊಳೆದ ನೀರು, ಎಲ್ಲಕ್ಕೂ ಒಂದೊಂದು ಗಡಿಗೆಯ ವಿಳಾಸ. ಗೋಡೆಯಾಚೆಯಿಂದ ಶಮೀಮ್ ದಿನವೂ ತಮ್ಮ ಅಡುಗೆಮನೆಯ ಅಕ್ಕಿ ತೊಳೆದ ನೀರಿನ ಬೋಗುಣಿಯನ್ನು ದಾಟಿಸುವಳು. ದಾಟಿಸುವ ಮುಂಚೆ ಬೆರಳದ್ದಿ ನಾಲಿಗೆಗಿಟ್ಟು, "ಸಪ್ಪಗೈತೆ ಮಾಮಾ, ತಗಳ್ರಿ," ಎಂದು ಕಣ್ಣು ಮಿಟುಕಿಸುವಳು. ಮದುಮಗಳ ಲೇವಡಿಗೆ ಉತ್ತರ ಕೊಡಬಾರದು.

ಸೋರೆಯ ಹೂ ಸಂಜೆ ಅರಳುತ್ತದೆ. ಬಿಸಿಲಿಗೆ ಹುಳುಹುಪ್ಪಟೆಗಳೂ ಊರು ಬಿಟ್ಟಿದ್ದರಿಂದ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ನಾನೇ ತಾಗಿಸಬೇಕಾಯಿತು. ಗೋಣಿಚೀಲದ ವ್ಯಾಪಾರಿ ದುಂಬಿಯಾದದ್ದನ್ನು ಕಂಡು ಮನೆಯಾಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗಲಿ, ಕಾಯಿ ಕಚ್ಚಿತು. ಮೊದಲು ಹೆಬ್ಬೆರಳಿನಷ್ಟು, ಆಮೇಲೆ ಚೊಂಬಿನಷ್ಟು. ಪ್ರತಿ ಕಾಯಿಗೂ ಒಂದೊಂದು ಗೋಣಿತುಂಡಿನ ಟೋಪಿ ಹಾಕಿದೆ. ಮದುವೆಗೆ ಮೂರು ದಿನ ಇರುವಾಗ ಎಣಿಸಿದರೆ ಕೊಯ್ಯಲು ಬಂದವು ಹನ್ನೊಂದು. ಇನ್ನೊಮ್ಮೆ ಎಣಿಸಿದೆ. ಚೌಕಾಸಿಯಿಂದ ಹೆಚ್ಚಾಗದ ಸಂಖ್ಯೆಗಳೂ ಲೋಕದಲ್ಲಿವೆ.

ಉಳಿದ ಇಪ್ಪತ್ತೊಂಬತ್ತು ಕಾಯಿಗಳಿಗೆ ಹಾಲವ್ವನಿಗೇ ಹೇಳಿದೆ. ಅವಳು ಹೇಳಿದ ಬೆಲೆಗೆ ನಾನು ಹೂಂ ಎಂದುಬಿಟ್ಟಾಗ ಅವಳು ಗಾಬರಿಯಾಗಿ, "ಸಾವ್ಕಾರ್ರೆ, ಮೈಯಾಗೆ ಹುಷಾರೈತೋ ಇಲ್ಲೋ?" ಎಂದು ಹಣೆ ಮುಟ್ಟಿ ನೋಡಿದಳು. ಮದುವೆಯ ಹಿಂದಿನ ದಿನ ಗಾಡಿಯಲ್ಲಿ ಕಾಯಿ ಬಂತು. ಹಾಲವ್ವ ಸಾಬರ ಅಂಗಳದಲ್ಲಿ ಒಲೆಗಳ ಪಕ್ಕ ಅವನ್ನು ರಾಶಿ ಹಾಕಿ, ನನ್ನ ಹನ್ನೊಂದನ್ನು ತಾನೇ ಎತ್ತಿ ರಾಶಿಯ ಮೇಲಿಟ್ಟಳು. ಅಷ್ಟರಲ್ಲಿ ಹರಿಹರದ ಸೋದರಮಾವ ಒಳಗೆ ಬಂದರು. ಎಣಿಸಲು ಬಂದಿದ್ದರೋ ಏನೋ, ನೇರ ರಾಶಿಯ ಹತ್ತಿರವೇ ಬಂದರು.

"ಎಲ್ಲಾ ನಿಮ್ ಹಿತ್ಲಾಗಿನವೇ?"

ಹೌದೆಂದರೆ ಮುಗಿಯುತ್ತಿತ್ತು. ಹಾಲವ್ವ ಸುಳ್ಳಾಡುವವಳಲ್ಲವಾದರೂ ಕಿವುಡಿಯಾಗಬಲ್ಲವಳು. ಗೌಸ್ ಸಾಬರು ಕೈಯಲ್ಲಿದ್ದ ಗುಲಾಬಿ ನೀರಿನ ಸೀಸೆಯನ್ನು ಹಾಗೇ ಹಿಡಿದು ನಿಂತಿದ್ದರು. ಆದರೆ ಯುಗಾದಿಗೆ ಮುಂಚಿನ ಆ ಹದಿನೈದು ಹರಕು ಚೀಲಗಳು ನೆನಪಾದವು.

"ಇಲ್ರಿ. ಕೆಳಗಿನ ಇಪ್ಪತ್ತೊಂಬತ್ತು ಕೊಕ್ಕನೂರಿನವು. ಮ್ಯಾಲಿನ ಹನ್ನೊಂದು ನಮ್ಮವು."

ಅವರು ಮೇಲಿನದೊಂದನ್ನು ಎತ್ತಿ ಉಗುರು ಊರಿದರು. ಹಾಲಿನಂಥ ರಸದ ಹನಿ ಮೂಡಿತು. ಅದನ್ನೇ ನೋಡುತ್ತ ನಿಂತು, ಬಹಳ ಮೆಲ್ಲಗೆ, "ಹನ್ನೊಂದಾ? ಈ ಬ್ಯಾಸಿಗ್ಯಾಗೆ?" ಎಂದರು. ಆಮೇಲೆ ಇನ್ನೂ ಮೆಲ್ಲಗೆ, "ಹೊಳೀನೇ ಬತ್ತಿ ದಂಡ್ಯಾಗೆ ನಮ್ಮವು ಒಂದೂ ಉಳೀಲಿಲ್ರಿ, ಬಳ್ಳಿ ಸುಟ್ಟು ಹಪ್ಪಳಾದ್ವು. ತರ್ತೀವಿ ಅಂದಿದ್ದಕ್ಕೆ ಅವತ್ತು ನೀವು ಹೂಂ ಅಂದಿದ್ರೆ ನನ್ ಮರ್ಯಾದಿ ಹೋಗ್ತಿತ್ತು. ಹೆಂಗ್ ಬೆಳೆದ್ರಿ, ಸ್ವಲ್ಪ ಹೇಳ್ರಿ. ಕೂಡ್ರಿ."

ಉಪದೇಶವನ್ನು ಬಾಯಲ್ಲಿಟ್ಟುಕೊಂಡೇ ಹುಟ್ಟಿದವನಿಗೆ, ಎದುರಾಳಿಯೇ ಬಂದು ಕೂಡ್ರಿ ಹೇಳ್ರಿ ಎನ್ನುವುದಕ್ಕಿಂತ ದೊಡ್ಡ ಸನ್ಮಾನವುಂಟೆ? ಕೂತೆ. ಗೌಸ್ ಸಾಬರು ಇಬ್ಬರ ಮೇಲೂ ಧಾರಾಳವಾಗಿ ಗುಲಾಬಿ ನೀರು ಚಿಮುಕಿಸಿ, ತಲೆ ಎತ್ತಿಕೊಂಡೇ ನಗುತ್ತ ಒಲೆಗಳ ಕಡೆ ಹೋದರು. "ಮೊದಲು ಮಣ್ಣನ್ನ ನಾಲಿಗೆ ಮ್ಯಾಲಿಟ್ಟು ನೋಡಬೇಕ್ರಿ," ಎಂದು ನಾನು ಶುರುಮಾಡಿದೆ, ಆ ವಿದ್ಯೆ ನನ್ನ ತಾತನಿಂದ ಬಂದಂತೆ. ಹಾಲವ್ವ ಬುಟ್ಟಿಯ ಹಿಂದಿನಿಂದ ಕೆಮ್ಮಿದಳು. ಮರುದಿನ ಮಾಂಸ ತಿನ್ನದ ನಮ್ಮಂಥವರಿಗೆಂದು ಬೇರೆ ಒಲೆಯಲ್ಲಿ ಬೇಯಿಸಿದ್ದ ಬೇಳೆ-ಸೋರೆಯ ದಾಲ್ಚಾದಲ್ಲಿ ಉಪ್ಪು ಒಂದು ಕಣ ಕಡಿಮೆಯಾಗಿತ್ತು. ನಾನು ಉಪ್ಪು ಕೇಳಲಿಲ್ಲ.

ಈಗಲೂ ಹಿತ್ತಲಿದೆ, ಗಡಿಗೆಗಳಿವೆ, ಅಲ್ಲಿಂದೀಚೆಗೆ ಏಳೆಂಟು ಬೇಸಿಗೆಗಳೊಡನೆ ಚೌಕಾಸಿ ಮಾಡಿ ಗೆದ್ದಿದ್ದೇನೆ. ಹಾಲವ್ವನ ಬಳಿ ಇಲ್ಲದ್ದನ್ನಷ್ಟೇ ಬೆಳೆಯುತ್ತೇನೆಂದು ನಾನು, ನನ್ನ ಹಿತ್ತಲಿನಲ್ಲಿ ಇಲ್ಲದ್ದನ್ನಷ್ಟೇ ಮಾರುತ್ತೇನೆಂದು ಅವಳು, ಹೀಗೆ ನಮ್ಮ ವ್ಯವಹಾರ ನಡೆದಿದೆ. ಮೊನ್ನೆ ಜಗಲಿಯ ಮೇಲೆ ಕೊಳ್ಳುವುದೆಲ್ಲ ಮುಗಿದ ಮೇಲೆ ನನ್ನ ಎಡಗೈ ಎಂದಿನಂತೆ ಚೀಲದ ಬಾಯನ್ನು ತೆರೆದು ಹಿಡಿದಿತ್ತು. ಆದರೆ ಬಲಗೈ ಹಿಂದಿನಿಂದ ಒಂದು ಸೋರೆಕಾಯಿಯನ್ನು ತಂದು ಅವಳ ಬುಟ್ಟಿಯೊಳಗಿಟ್ಟಿತು.

"ಇದೇನ್ರಿ?"

"ಕೊಸರು."

ಹಾಲವ್ವ ಕಾಯಿಯನ್ನು ತಿರುಗಿಸಿ ನೋಡಿ, ಉಗುರು ಊರಿ, ಮೂತಿ ಓರೆ ಮಾಡಿದಳು. "ಬಲ್ತೈತಲ್ರೀ ಸಾವ್ಕಾರ್ರೆ. ಸಾರಿಗಾಗಲ್ಲ. ಇರ್ಲಿ, ಬೀಜಕ್ಕೆ ಇಟ್ಕೊಂತೀನಿ," ಎಂದು ಅದನ್ನು ಬುಟ್ಟಿಯ ತಳಕ್ಕೆ ಸೇರಿಸಿ, ನನ್ನ ತೆರೆದ ಚೀಲಕ್ಕೆ ಒಂದು ಹಿಡಿ ಕೊತ್ತಂಬರಿ ಚಾಚಿದಳು. ಚೀಲಕ್ಕೆ ಬೀಳುವ ಮುಂಚೆ ಕೈಯೊಡ್ಡಿ ಹಿಡಿದೆ. ಒಂದು ಎಲೆ ಚಿವುಟಿ ನಾಲಿಗೆಯ ಮೇಲಿಟ್ಟುಕೊಂಡೆ. ಆಮೇಲೆ ಚೀಲದ ಬಾಯಿ ಮುಚ್ಚಿದೆ.